ಬೋಲ್ಟ್ ಬಿಚ್ಚಿದ ಮೇಲೆ ಗೊತ್ತಾಗುತ್ತೆ

ಇವತ್ತು ಮಾತಾಡ್ತಿರೋದು ಮಿಲ್ಲಿಂಗ್ ಮಷೀನ್‌ನಲ್ಲಿ ಉಕ್ಕಿನ ತುಂಡಿನ ಮೈಯನ್ನು ಸಮತಟ್ಟು ಮಾಡೋದರ ಬಗ್ಗೆ. ಶಾಪ್‌ಗಳಲ್ಲಿ ಇದಕ್ಕೆ ಫೇಸಿಂಗ್ ಅಂತೀವಿ. ಐಟಿಐ ಹುಡುಗರಿಗೆ ಮೊದಲು ಕೊಡೋ ಕೆಲಸ ಇದೇ. ಸುಲಭ ಅಲ್ವಾ ಅನ್ಸುತ್ತೆ. ನನಗೂ ಹಾಗೇ ಅನ್ಸಿತ್ತು.

ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಹೊಸತು. 300 ಮಿ.ಮೀ. ಉದ್ದ, 20 ಮಿ.ಮೀ. ದಪ್ಪದ ನಾಲ್ಕು ಪ್ಲೇಟ್ ಕೊಟ್ಟರು. ನಾಲ್ಕು ಮೂಲೆಗೂ ಅಲೆನ್ ಬೋಲ್ಟ್ ಹಾಕಿ ಟೇಬಲ್‌ಗೆ ಗಟ್ಟಿಯಾಗಿ ಬಿಗಿದೆ. ಕಟರ್ ಓಡಿಸಿದೆ, ಕನ್ನಡಿ ಥರ ಹೊಳೀತು. ಡಯಲ್ ಇಟ್ಟು ನೋಡಿದ್ರೆ ಮುಳ್ಳು ಅಲ್ಲಾಡಲಿಲ್ಲ. ನನಗೋ ಖುಷಿ!

ಬಿಚ್ಚಿ ಸರ್ಫೇಸ್ ಪ್ಲೇಟ್ ಮೇಲೆ ಮಗುಚಿ ಹಾಕಿದಾಗ, ಮಧ್ಯದಲ್ಲಿ 0.15ರ ಫೀಲರ್ ಗೇಜ್ ಸಲೀಸಾಗಿ ನುಗ್ಗಿತು. ಡ್ರಾಯಿಂಗ್‌ನಲ್ಲಿ ಇದ್ದದ್ದು 0.05. ನಾಲ್ಕೂ ರಿಜೆಕ್ಟ್.

ಸೀನಿಯರ್ ಅಣ್ಣ ಬೈಯಲಿಲ್ಲ. "ತಮ್ಮಾ, ಪ್ಲೇಟ್ ಮೊದಲೇ ಬಾಗಿತ್ತು. ನೀನು ಬೋಲ್ಟ್ ಹಾಕಿ ಎಳೆದೆ, ನೆಟ್ಟಗೆ ಕೂತಿತು. ಬಿಚ್ಚಿದೆ, ತನ್ನ ಬುದ್ಧಿ ತೋರಿಸ್ತು" ಅಂದ್ರು.

ಆಮೇಲೆ ಅವರು ಹೇಳಿಕೊಟ್ಟ ಕ್ರಮ ಇದು. ಮೊದಲು ಪ್ಲೇಟನ್ನು ಬಿಗಿಯದೆ ಸುಮ್ನೆ ಇಡಿ. ಎಲ್ಲಿ ಸಂದು ಇದೆಯೋ ಅಲ್ಲಿ ಅಷ್ಟೇ ದಪ್ಪದ ಶಿಮ್ ಕೊಡಿ, ಆಮೇಲೆ ಬೋಲ್ಟ್ ಹಾಕಿ. ಎರಡೂ ಮೈ ರಫ್ ಮಾಡಿ, ಫಿನಿಶ್‌ಗೆ ಸ್ವಲ್ಪ ಉಳಿಸಿ. ಮೇಲ್ಪದರ ತೆಗೆದಾಗ ಒಳಗಿನ ಒತ್ತಡ ಬಿಡುಗಡೆಯಾಗಿ ಪ್ಲೇಟ್ ಮತ್ತೆ ಬಾಗಬಹುದು. ಅದಕ್ಕೇ ಒಮ್ಮೆ ಬಿಚ್ಚಿ, ಸಂದು ಮತ್ತೆ ನೋಡಿ, ಹಗುರಾಗಿ ಬಿಗಿದು ಕೊನೆಯ ಕಟ್ ಹಾಕಿ.

ಸ್ಪೀಡ್ ಊಹೆ ಮಾಡ್ಬೇಡಿ, ಲೆಕ್ಕ ಹಾಕಿ. ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ. ಕಟರ್ ವ್ಯಾಸವನ್ನು 3.14ರಿಂದ ಗುಣಿಸಿ ಬಂದದ್ದರಿಂದ ಭಾಗಿಸಿ. 63 ಮಿ.ಮೀ. ಕಟರ್, ನಿಮಿಷಕ್ಕೆ 200 ಮೀಟರ್ ಅಂದ್ರೆ ಸುಮಾರು 1010 ಆರ್‌ಪಿಎಂ. ಐದು ಇನ್ಸರ್ಟ್, ಒಂದೊಂದಕ್ಕೆ 0.1 ಮಿ.ಮೀ. ಆದ್ರೆ ಫೀಡ್ ನಿಮಿಷಕ್ಕೆ ಸುಮಾರು 505 ಮಿ.ಮೀ. ಇನ್ನೊಂದು ಮಾತು: ಕಟರ್ ತಿರುಗ್ತಿರುವಾಗ ಚಿಪ್ಸ್‌ಗೆ ಕೈ ಹಾಕ್ಬೇಡಿ, ಗ್ಲೌಸ್ ಅಂತೂ ಬೇಡವೇ ಬೇಡ.

ನನ್ನ ನಾಲ್ಕು ಪ್ಲೇಟ್‌ನಲ್ಲಿ ಎರಡು ಮಾತ್ರ ಉಳಿದವು. ಮಿಕ್ಕ ಎರಡರಲ್ಲಿ ಮತ್ತೆ ಕಟ್ ಹಾಕೋಕೆ ದಪ್ಪ ಸಾಲದೆ ಗುಜರಿಗೆ ಹೋದವು. ಮುಂದಿನ ಲಾಟ್ ಎಲ್ಲ ಪಾಸ್. ಇವತ್ತಿಗೂ ಮಷೀನ್ ಮೇಲಿರೋ ಜಾಬ್‌ನ ಹೊಳಪು ನೋಡಿ ನಾನು ಖುಷಿ ಪಡಲ್ಲ. ಬೋಲ್ಟ್ ಬಿಚ್ಚೋವರೆಗೂ ಕಾಯ್ತೀನಿ.