ಕಲ್ಲು ಮಾತಾಡಲ್ಲ, ನಾವು ಹೇಳಬೇಕು

ಈ ಮಾತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಕೇಳ್ತಿರುವವರಿಗೂ, ಇಲ್ಲಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಮಲೆನಾಡಿನ ಕಾಫಿ ತೋಟದಲ್ಲೋ ಇರುವವರಿಗೂ.

ನಮ್ಮ ಕಡೆ ಊರ ಮುಂದೆ, ಹೊಲದ ಬದುವಿನಲ್ಲಿ ವೀರಗಲ್ಲು ನಿಂತಿರ್ತಾವೆ. ಯಾರದಿದು ಅಂತ ಕೇಳಿದರೆ ಬಹಳ ಕಡೆ ಯಾರಿಗೂ ಗೊತ್ತಿಲ್ಲ. ಕಲ್ಲು ಉಳಿದಿದೆ, ಕಥೆ ಹೋಗಿದೆ. ಯೆಹೋಶುವನ ಪುಸ್ತಕದ 4ನೇ ಅಧ್ಯಾಯ ಓದುವಾಗೆಲ್ಲ ನನಗೆ ಈ ಕಲ್ಲುಗಳೇ ನೆನಪಾಗ್ತವೆ. ಯೊರ್ದನ್ ಹೊಳೆ ದಾಟಿದಾಗ ಕುಲಕ್ಕೊಬ್ಬನಂತೆ 12 ಜನ ಹೊಳೆಯ ನಡುವಿನಿಂದ ಒಂದೊಂದು ಕಲ್ಲು ಹೆಗಲ ಮೇಲೆ ಹೊತ್ತು ತಂದರು. ಗಿಲ್ಗಾಲಿನಲ್ಲಿ ಅವನ್ನು ನಿಲ್ಲಿಸಲಾಯಿತು. ಯಾಕೆ? ಮುಂದೆ ಮಕ್ಕಳು ಕೇಳಲಿ, ಅಪ್ಪಂದಿರು ಹೇಳಲಿ ಅಂತ. ಹೇಳುವವರು ನಿಲ್ಲಿಸಿಬಿಟ್ಟರೆ ಅದೂ ಬರೀ ಕಲ್ಲೇ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳೋದು ಇದೆ. ಕಾಯಿಲೆ ವಾಸಿಯಾಯ್ತು, ಮಗನಿಗೆ ಕೆಲಸ ಸಿಕ್ತು, ಬೋರಿಗೆ ನೀರು ಬಿತ್ತು. ಸ್ತೋತ್ರ! ಆದರೆ ಸಾಲ ಮಾಡಿ ಬೋರು ಕೊರೆಸಿದರೂ ಬರೀ ಧೂಳು ಕಂಡವನು, ಅಷ್ಟು ಪ್ರಾರ್ಥಿಸಿಯೂ ಗಂಡನನ್ನು ಮಣ್ಣು ಮಾಡಿ ಬಂದ ತಾಯಿ, ಇವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರ್ತಾರೆ. ಅವರು ಏನನ್ನು ನೆನೆಸಿಕೊಳ್ಳಬೇಕು?

77ನೇ ಕೀರ್ತನೆ ಅವರಿಗಾಗಿ ಇದೆ. ಅಲ್ಲಿ ಒಬ್ಬನಿಗೆ ರಾತ್ರಿ ನಿದ್ದೆ ಇಲ್ಲ. ದೇವರು ನನ್ನನ್ನು ಮರೆತೇಬಿಟ್ಟನಾ ಅಂತ ನೇರವಾಗಿ ಕೇಳ್ತಾನೆ. ಆಮೇಲೆ ಸಮುದ್ರದಲ್ಲಿ ದಾರಿಯಾದದ್ದನ್ನು ನೆನಪಿಗೆ ತಂದುಕೊಳ್ತಾನೆ. ಅವನ ಕಷ್ಟ ತೀರಿತು ಅಂತ ಆ ಕೀರ್ತನೆಯಲ್ಲಿ ಎಲ್ಲೂ ಇಲ್ಲ, ನೋಡಿ. ಕಷ್ಟದೊಳಗೇ ಕೂತು ನೆನೆಸಿಕೊಂಡ. ಎಬೆನೆಜೆರ್ ಅಂತ ಮನೆಗೆ, ಸಭೆಗೆ ಹೆಸರಿಡ್ತೀವಲ್ಲ, ಸಹಾಯದ ಕಲ್ಲು ಅಂತ ಅದರರ್ಥ. ಆ ಹೆಸರು 1 ಸಮುವೇಲನಲ್ಲಿ ಮೊದಲು ಬರೋದು 4ನೇ ಅಧ್ಯಾಯದಲ್ಲಿ, ಇಸ್ರಾಯೇಲ್ಯರು ಸೋತು ಮಂಜೂಷವನ್ನೇ ಕಳಕೊಂಡ ಯುದ್ಧದ ಪಾಳೆಯವಾಗಿ. ಸಮುವೇಲ ಕಲ್ಲು ನಿಲ್ಲಿಸಿ ಅದೇ ಹೆಸರಿಟ್ಟದ್ದು 7ನೇ ಅಧ್ಯಾಯದಲ್ಲಿ. ಸೋಲನ್ನು ಮುಚ್ಚಿಟ್ಟ ಸಾಕ್ಷಿ ನನಗೆ ಅರ್ಧ ಸಾಕ್ಷಿ ಅನಿಸುತ್ತೆ.

ಇದನ್ನೆಲ್ಲ ನಾವು ಕನ್ನಡದಲ್ಲಿ ಓದ್ತಿರೋದಕ್ಕೂ ನಮ್ಮ ಸೀಮೆಗೂ ನಂಟಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು, ಕನ್ನಡ ಕಲಿತು ಅನುವಾದಕ್ಕೆ ಕೂತರು. ಇಡೀ ಬೈಬಲ್ ಅಚ್ಚಾಗಿ ಮುಗಿದದ್ದು 1831ಕ್ಕೆ. ಇಪ್ಪತ್ತು ವರ್ಷ! ಅವರಿಗೆ ಕನ್ನಡ ಕಲಿಸಿದ ಊರವರ ಹೆಸರನ್ನು ಮಾತ್ರ ನಾವು ಹೇಳೋದೇ ಇಲ್ಲ. ಅದೂ ಕಥೆ ಕಳಕೊಂಡ ವೀರಗಲ್ಲೇ.

ಇನ್ನು ಬೇರೆಯವರಿಗೆ ಹೇಳುವ ಮಾತು. ಮುಂದಿನ ಮಳೆ-ಬೆಳೆ ಹೇಗಪ್ಪಾ ಅಂತ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಸಾವಿರಾರು ಜನ ಕಿವಿಗೊಡ್ತಾರೆ. ಆ ಆತಂಕ ನಮ್ಮದೂ ಹೌದು. ಅದನ್ನು ಹೀಯಾಳಿಸಿ ಮಾತು ಶುರು ಮಾಡಬೇಡಿ. ಆಮಿಷವಂತೂ ಬೇಡವೇ ಬೇಡ. ಪಕ್ಕದ ಮನೆಯವರು “ಅಂಥಾ ದಿನ ಹೆಂಗ್ ತಡ್ಕೊಂಡ್ಯವ್ವಾ?” ಅಂತ ಕೇಳಿದಾಗ, ಆದದ್ದನ್ನು ಆದ ಹಾಗೆ ಹೇಳಿ. ಅತ್ತದ್ದನ್ನೂ ಸೇರಿಸಿ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಹತ್ತಿರ ಕೂತು, ದೇವರು ನಿಮ್ಮನ್ನು ಯಾವಾಗ ಕಾಪಾಡಿದ, ಯಾವಾಗ ಸುಮ್ಮನಿದ್ದ ಹಾಗೆ ಅನಿಸಿತು ಅಂತ ಎರಡನ್ನೂ ಕೇಳಿ. ಇಸವಿ ಕೇಳಿದರೆ ತಡವರಿಸ್ತಾರೆ, ಯಾವ ಮಳೆಯಲ್ಲಿ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಗುಳೆ ಹೋದ ಮಕ್ಕಳಿಗೆ ಕಳಿಸಿಕೊಡಿ.