ಓದಿಸಿದ್ದು ಸಾಕು, ಕೇಳೋಣ

(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಮಾತು)



ನಾನು ಶಿಕ್ಷಕನಲ್ಲ, ನಿವೃತ್ತ ಸರ್ಕಾರಿ ಎಂಜಿನಿಯರ್. ಪ್ರಸಾದ ನಿಲಯದ ಮಕ್ಕಳಿಗೆ ಸಂಜೆ ಹೊತ್ತು ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷ ಹೇಳಿಕೊಟ್ಟ ರೀತಿ ತಪ್ಪಾಗಿತ್ತು ಎಂದು ಒಪ್ಪಿಕೊಳ್ಳಲು ಇಂದು ನಿಂತಿದ್ದೇನೆ.

ನಾನು ಮಾಡಿಸುತ್ತಿದ್ದುದು ಒಂದೇ ಕೆಲಸ. ಪಾಠವನ್ನು ನಾಲ್ಕು ಸಲ ಗಟ್ಟಿಯಾಗಿ ಓದಿಸುವುದು. ಮುಗಿದ ಕೂಡಲೇ ಕೇಳಿದರೆ ಎಲ್ಲರೂ ಪಟಪಟನೆ ಹೇಳುತ್ತಿದ್ದರು, ನನಗೋ ಹೆಮ್ಮೆ. ಅವರಲ್ಲಿ ಬಹಳ ಶ್ರದ್ಧೆಯ ಹುಡುಗನೊಬ್ಬ ಹತ್ತನೇ ತರಗತಿಯಲ್ಲಿ ವಿಜ್ಞಾನದಲ್ಲೇ ನಪಾಸಾದ. "ಅಷ್ಟು ಸಲ ಓದಿದ್ದೆ ಸರ್" ಎಂದನೇ ಹೊರತು ನನ್ನನ್ನು ದೂರಲಿಲ್ಲ.

ಆಮೇಲೆ ಒಂದು ಸಂಶೋಧನೆ ಓದಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿ, 2006ರಲ್ಲಿ ಪ್ರಕಟಿಸಿದ್ದು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿದರು. ಇನ್ನು ಕೆಲವರು ಒಂದು ಸರದಿ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದು: ಶೇ. 83, ಬರೆದವರು ಶೇ. 71. ಒಂದು ವಾರ ಬಿಟ್ಟು ಕೇಳಿದರೆ ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದುದು ಓದಿದವರಿಗೇ.

ನಾವು ಕಾಂಕ್ರೀಟ್ ಸುರಿದ ದಿನವೇ ಅದರ ಬಲ ಅಳೆಯುವುದಿಲ್ಲ. ಕ್ಯೂಬ್ ಹಾಕಿ, ನೀರಲ್ಲಿಟ್ಟು, 7ನೇ ದಿನ ಒಮ್ಮೆ, 28ನೇ ದಿನ ಒಮ್ಮೆ ಒಡೆದು ನೋಡುತ್ತೇವೆ. ಸಿಮೆಂಟಿಗೆ ತೋರಿದ ಈ ತಾಳ್ಮೆಯನ್ನು ನಾನು ಮಕ್ಕಳಿಗೆ ತೋರಲಿಲ್ಲ. ಅನುಭವ ಮಂಟಪದ ಸಂವಾದವನ್ನು ಇದೇ ವೇದಿಕೆಯಲ್ಲಿ ಎಷ್ಟು ಸಲ ಹೊಗಳಿದ್ದೇನೋ!

ಈಗ ಪಾಠ ಒಮ್ಮೆ ಓದಿ ಪುಸ್ತಕ ಮುಚ್ಚುತ್ತಾರೆ. ನೆನಪಿದ್ದಷ್ಟು ಬರೆದು, ಮತ್ತೆ ತೆರೆದು ತಾವೇ ತಿದ್ದಿಕೊಳ್ಳುತ್ತಾರೆ. ವಾರ ಕಳೆದು ಅದನ್ನೇ ಪುನಃ ಕೇಳುತ್ತೇನೆ. ಮಕ್ಕಳಿಗೆ ಇದು ಇಷ್ಟವಿಲ್ಲ, ಖಾಲಿ ಹಾಳೆ ನೋಡಿ ಅಳು ಬಂದವರೂ ಇದ್ದಾರೆ. ಪಾಠಗಳೂ ನಿಧಾನವಾಗಿ ಸಾಗುತ್ತಿವೆ. ಅರ್ಥವಾಗದ ಪಾಠವನ್ನು ಮೊದಲು ಬಿಡಿಸಿ ಹೇಳಲೇಬೇಕು, ಅದಕ್ಕೆ ಈ ಉಪಾಯ ಸಾಲದು.

ನಲವತ್ತು ಮಕ್ಕಳನ್ನು ನಾನೊಬ್ಬನೇ ಕೇಳಿ ಮುಗಿಸಲಾರೆ. ವಾರಕ್ಕೊಂದು ಗಂಟೆ ಕೂರುವ ಆರೇಳು ಜನ ಬೇಕು. ವಿಜ್ಞಾನ ಬರಬೇಕಿಲ್ಲ, ಪುಸ್ತಕ ಹಿಡಿದು ಪ್ರಶ್ನೆ ಓದಿ, ಉತ್ತರ ಬರುವತನಕ ಸುಮ್ಮನೆ ಕಾದರಾಯಿತು. ಆ ಹುಡುಗ ಮತ್ತೆ ಪರೀಕ್ಷೆ ಬರೆಯಲೆಂದು ಮರಳಿ ಬಂದಿದ್ದಾನೆ. ಭಾನುವಾರ ಸಂಜೆ ಆರಕ್ಕೆ ನಾವಿಬ್ಬರೂ ಪ್ರಸಾದ ನಿಲಯದ ಪಡಸಾಲೆಯಲ್ಲಿರುತ್ತೇವೆ. ಬನ್ನಿ.