ಕಾಡುಪಾಪದ ದೂರದ ನೆಂಟರು



ಇರುಳಿನಲ್ಲಿ ಕೊಂಬೆಯಿಂದ ಕೊಂಬೆಗೆ ಮೆಲ್ಲನೆ ಸರಿಯುವ ಕಾಡುಪಾಪವನ್ನು ನೀವು ಬಲ್ಲಿರಿ. ಅದರ ದೂರದ ನೆಂಟರಾದ ಲೀಮರ್‌ಗಳ ಸಹಜ ನೆಲೆ ಮಡಗಾಸ್ಕರ್ ದ್ವೀಪವೊಂದೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ದ್ವೀಪ ಭಾರತದ ಭೂಭಾಗದಿಂದ ಬೇರ್ಪಟ್ಟಿತು. ಲೀಮರ್‌ಗಳ ಪೂರ್ವಜರು ಅಲ್ಲಿಗೆ ಬಂದುದು ಬಹುಕಾಲದ ನಂತರ. ಆಫ್ರಿಕದಿಂದ ಕಡಲಲ್ಲಿ ತೇಲಿದ ಮರಗಿಡಗಳ ರಾಶಿಯನ್ನೇರಿ ಬಂದಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಕೋತಿಗಳಿಲ್ಲದ ಆ ನೆಲದಲ್ಲಿ ಅವು ನೂರಕ್ಕೂ ಹೆಚ್ಚು ಪ್ರಭೇದಗಳಾಗಿ ಕವಲೊಡೆದವು.

1986ರಲ್ಲಿ ಅಮೆರಿಕದ ವಿಜ್ಞಾನಿ ಪ್ಯಾಟ್ರಿಷಿಯಾ ರೈಟ್ ಅವರು ರಾನೊಮಫಾನಾ ಕಾಡಿನಲ್ಲಿ ವಿಜ್ಞಾನಕ್ಕೆ ಹೊಸದಾದ ಹೊಂಬಣ್ಣದ ಬಿದಿರು ಲೀಮರನ್ನು ಕಂಡರು. ಕಳಲೆಯನ್ನು ನಾವು ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ಅಡುಗೆಗೆ ಬಳಸುವುದು ಅದರಲ್ಲಿನ ಸಯನೈಡ್ ವಿಷವನ್ನು ಕಳೆಯಲು. ಈ ಪ್ರಾಣಿಯಾದರೋ ಅಂತಹ ಚಿಗುರನ್ನು ಹಸಿಯಾಗಿಯೇ ತಿಂದು ಬದುಕುತ್ತದೆ. ಕಪ್ಪು ಬಿಳುಪಿನ ಇನ್ನೊಂದು ಲೀಮರ್ ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುತ್ತದೆ, ನುಂಗಿದ ಹಣ್ಣುಗಳ ಬೀಜವನ್ನು ದೂರದೂರ ಬಿತ್ತುತ್ತದೆ. ಅದು ಅಳಿದರೆ ಅನೇಕ ಮರಗಳ ಸಂತಾನವೇ ಕುಂಠಿತವಾದೀತು.

2020ರ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಂತೆ 107 ಪ್ರಭೇದಗಳಲ್ಲಿ 103 ಅಪಾಯದಲ್ಲಿವೆ. 33 ಅಳಿವಿನ ಅಂಚಿನಲ್ಲಿವೆ. ನಮ್ಮ ಹಿಂದಿನ ಕುಮರಿಯನ್ನು ಹೋಲುವ ‘ತಾವಿ’ ಬೇಸಾಯ, ಇದ್ದಿಲು, ಬೇಟೆ ಇದಕ್ಕೆ ಕಾರಣ. 2009ರ ರಾಜಕೀಯ ಕ್ಷೋಭೆಯ ಬಳಿಕ ರಾಷ್ಟ್ರೀಯ ಉದ್ಯಾನಗಳೊಳಗೇ ನುಗ್ಗಿ, ನಮ್ಮ ಬೀಟೆಯ ಕುಲಕ್ಕೆ ಸೇರಿದ ಮರಗಳನ್ನು ಕಡಿದು ಹೊರದೇಶಕ್ಕೆ ಸಾಗಿಸಿದರು. ಅನ್ನಕ್ಕಾಗಿ ಕಾಡು ಸುಡುವ ಬಡವನನ್ನೂ ಲಾಭಕ್ಕಾಗಿ ಮರ ಸಾಗಿಸುವ ವ್ಯಾಪಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ರಾನೊಮಫಾನಾ 1991ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ತನಾಲ ಜನರ ಹೆಸರಿಗೆ ‘ಕಾಡಿನವರು’ ಎಂದೇ ಅರ್ಥ. ಗಡಿ ಬಿದ್ದಾಗ ಕಾಡಿನ ಬಳಕೆಯನ್ನು ಕಳೆದುಕೊಂಡವರು ಆ ಹಳ್ಳಿಗರು. ಇಂದು ಸಂಶೋಧಕರಿಗೆ ದಾರಿ ತೋರುವವರೂ, ಲೀಮರ್‌ಗಳ ದಿನಚರಿಯನ್ನು ದಾಖಲಿಸುವವರೂ ಅವರಲ್ಲಿದ್ದಾರೆ. ನಷ್ಟವನ್ನು ಹೊತ್ತವರಿಗೆ ಕಾಡಿನ ನಿರ್ಣಯದಲ್ಲಿ ಮಾತಿರಬೇಕಾದುದು ನ್ಯಾಯ. ನಮ್ಮ ಘಟ್ಟಗಳಲ್ಲಿ ಗಡಿಯ ಪ್ರಶ್ನೆ ಎದ್ದಾಗ ಗ್ರಾಮಸಭೆಯಲ್ಲಿ ನಾವೂ ಇದನ್ನೇ ಕೇಳಬೇಕು.

ಆದರೆ ಕೇಳುವವನ ಕೈಯಲ್ಲಿ ಆಧಾರವಿರಬೇಕು. ಕಾಡುಪಾಪ ಜಿಗಿಯಲಾರದು, ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಮುಂದೆ ಸಾಗುತ್ತದೆ. ವಿದ್ಯಾರ್ಥಿಗಳೇ, ನಿಮ್ಮೂರಿನಲ್ಲಿ ಅದು ಎಲ್ಲಿ ಕಾಣುತ್ತದೆ, ರಸ್ತೆ ಅಗಲವಾದ ಮೇಲೆ ಮರಗಳ ನೆತ್ತಿ ಎಲ್ಲೆಲ್ಲಿ ಬೇರ್ಪಟ್ಟಿದೆ ಎಂಬುದನ್ನು ಹಿರಿಯರಿಂದ ಕೇಳಿ, ಕಣ್ಣಾರೆ ಕಂಡು ಬರೆದಿಡಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕವನ್ನು ತನ್ನಿರಿ.